ಹುಲಿಗೆವ್ವನ ಎರಡನೇ ಮಡಕೆ

ಕೆರೆಯ ಮೀನು ಹಿಡಿದು ಬದುಕುವವರ ಕೇರಿಯಲ್ಲಿ ಹುಲಿಗೆವ್ವನ ಬಲೆಯೆಂದರೆ ಬಲೆ. ಯಾರ ಹಂಗೂ ಇಲ್ಲದೆ ತಾನೇ ಹೆಣೆದು, ತಾನೇ ಬೀಸಿ, ಮೇಲೆ ಬಂದವಳು. ಹಿಡಿದ ಹಟ ಬಿಟ್ಟವಳಲ್ಲ.

ಆ ಕೆರೆಗೆ ಎಲ್ಲಿಂದಲೋ ಜಿಲೇಬಿ ಮೀನು ಬಂದು ಸೇರಿತು. ಹೊರನಾಡಿನ ಮೀನು. ಊರಿನ ಗೆಂಡೆಮೀನಿನ ಮೇವನ್ನೂ ಜಾಗವನ್ನೂ ಕಸಿದುಕೊಂಡಿತು. ಗೆಂಡೆ ಬಲೆಗೆ ಬೀಳುವುದೇ ಅಪರೂಪವಾಯಿತು.

"ಈ ಮಳಿಗಾಲದಾಗ ಜಿಲೇಬಿ ಹುಟ್ಟು ಅಡಗಸ್ತೀನಿ. ಇಲ್ಲಾಂದ್ರ ಮತ್ತ ಬಲಿ ಮುಟ್ಟಂಗಿಲ್ಲ!" ಎಂದು ಹುಲಿಗೆವ್ವ ಕೇರಿಯವರ ಎದುರು ಪಂತ ಕಟ್ಟಿದಳು.

ಬೆಳೆಗೆ ಹೊಡೆಯುವ ಹುಳದ ಔಷಧಿ ತಂದಳು. ತಾಯಿ ಜಿಲೇಬಿ ತನ್ನ ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತದೆ. ಅಂಥ ಒಂದರ ಬಾಯಿಂದ ಮೊಟ್ಟೆ ಉದುರಿಸಿ ಮಡಕೆಯ ನೀರಿಗೆ ಹಾಕಿ, ಚೂರು ಔಷಧಿ ಬಿಟ್ಟಳು. ಹಲವು ಮೊಟ್ಟೆಗಳು ಬೆಳ್ಳಗಾಗಿ ಸತ್ತವು. ಒಡೆದು ಬಂದ ಮರಿಗಳ ಬೆನ್ನು ಹುಣಸೆಕಾಯಿಯಂತೆ ಸೊಟ್ಟಗಿತ್ತು. ಅವು ಈಜಲಾರದೆ ತಳ ಸೇರಿದವು.

"ನೋಡಿದೇನು? ನಾಳೆ ಕೆರಿಗೇ ಸುರೀತೀನಿ," ಎಂದು ಹುಲಿಗೆವ್ವ ಪಕ್ಕದಲ್ಲಿದ್ದ ಸಂಕವ್ವನಿಗೆ ಮಡಕೆ ತೋರಿಸಿದಳು.

ಮೈದುನನ ಹೆಂಡತಿ, ನೆಗೆಣ್ಣಿ ಸಂಕವ್ವ ನಕ್ಕಳು. "ಯಕ್ಕಾ, ಮಡಕ್ಯಾಗ ಬರೇ ವೈರಿ ತತ್ತಿ ಅದಾವು. ಕೆರ್ಯಾಗ ನಮ್ಮ ಗೆಂಡಿ ತತ್ತೀನೂ ಅದಾವು. ಔಷಧಿಗೆ ಗುರುತು ಹೇಳಿ ಕಳಿಸ್ತಿ ಏನು?"

ಹುಲಿಗೆವ್ವನಿಗೆ ಮೈ ಉರಿಯಿತು. ಅವಳ ಬಾಯಿ ಮುಚ್ಚಿಸಲೆಂದೇ, ನೀರುಹುಲ್ಲಿಗೆ ಅಂಟಿದ್ದ ಗೆಂಡೆಮೊಟ್ಟೆ ತಂದು ಎರಡನೇ ಮಡಕೆಗೆ ಹಾಕಿ, ಅಷ್ಟೇ ಔಷಧಿ ಬಿಟ್ಟಳು.

ಒಂದು ಮೊಟ್ಟೆಯೂ ಒಡೆದು ಮರಿಯಾಗಲಿಲ್ಲ.

ಅವಳು ಆ ಮಡಕೆಯ ಮುಂದೆಯೇ ಕೂತುಬಿಟ್ಟಳು. ಸುರಿದರೆ ಪಂತ ಉಳಿಯುತ್ತದೆ, ಗೆಂಡೆ ಉಳಿಯುವುದಿಲ್ಲ. ಆಗ ಇನ್ನೊಂದು ಮಾತು ಹೊಳೆಯಿತು. ಮೊಟ್ಟೆ ಹೊತ್ತ ಮೀನು ಸಿಕ್ಕರೆ ಕೈಮುಗಿದು ನೀರಿಗೆ ಬಿಡುವುದು ಕೇರಿಯ ಪದ್ಧತಿ. ತಾಯಿ ಜಿಲೇಬಿಯನ್ನೂ ಹಾಗೆಯೇ ಬಿಡುತ್ತ ಬಂದಿದ್ದರು! ವೈರಿಯನ್ನು ಬೆಳೆಸಿದವರು ತಾವೇ.

ಔಷಧಿಯನ್ನು ಅಂಗಡಿಗೆ ಹಿಂದಿರುಗಿಸಿ ಬಂದಳು. "ಸಂಕವ್ವಾ, ನಾಳಿಂದ ಸಿಕ್ಕ ಒಂದೊಂದು ಮೀನಿನ ಬಾಯಿ, ಹೊಟ್ಟಿ ನೋಡೂಣು. ತತ್ತಿ ಹೊತ್ತ ಗೆಂಡಿ ನೀರಿಗೆ, ತತ್ತಿ ಹೊತ್ತಿದ್ರೂ ಜಿಲೇಬಿ ಬುಟ್ಟಿಗೆ."

"ಇದು ಒಂದು ಮಳಿಗಾಲದ ಕೆಲಸಲ್ಲ ಯಕ್ಕಾ. ನಿನ್ನ ಪಂತ?"

"ಸೋತೆ. ಬಲಿ ನೀ ಬೀಸು, ಬುಟ್ಟಿ ನಾ ಹೊರ್ತೀನಿ."

ಮರುವರ್ಷದ ಮಳೆಗಾಲಕ್ಕೆ ಜಿಲೇಬಿ ಪೂರ್ತಿ ಹೋಗಿರಲಿಲ್ಲ. ಆದರೆ ನೀರುಹುಲ್ಲಿನ ತುಂಬ ಗೆಂಡೆಮೊಟ್ಟೆ ಹೊಳೆಯುತ್ತಿತ್ತು. ಹುಲಿಗೆವ್ವ ಅದನ್ನು ಕಂಡು, ಬಲೆ ಮುಟ್ಟದೆ, ಬುಟ್ಟಿ ಎತ್ತಿಕೊಂಡು ನಡೆದಳು.

ನೀತಿ: ವೈರಿಗೆಂದು ತಂದ ವಿಷವನ್ನು ಸುರಿಯುವ ಮೊದಲು, ಅದು ನಮ್ಮವರನ್ನು ಏನು ಮಾಡುತ್ತದೆಂದು ನೋಡಬೇಕು. ಹಟವಿರಲಿ. ಅದು ಉಳಿಸುವ ಕೆಲಸಕ್ಕಿರಲಿ, ಗೆದ್ದೆ ಎನ್ನಿಸಿಕೊಳ್ಳಲಿಕ್ಕಲ್ಲ.