ಬೂಟು ಹೊರಗೆ ಬಿಟ್ಟವನು

ಇದನ್ನು ಸುಳ್ಳು ಅನ್ನೋ ಧೈರ್ಯ ಇದ್ದವರು ಎದುರಿಗೆ ಬನ್ನಿ!

ನಮ್ಮ ತಾಲ್ಲೂಕಿನ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ತಿಪ್ಪೇಶ ಅಂತ ಒಬ್ಬನಿದ್ದ. ಹಳ್ಳಿ ಹೈದ, ಆದರೆ ಅವನು ಕೈಯಿಟ್ಟರೆ ಸತ್ತ ಯಂತ್ರವೂ ಗುರ್ ಅಂತ ಏಳುತ್ತಿತ್ತು. ಮಾಲೀಕ ಮಹಾರುದ್ರಯ್ಯ ಬಾಗಿಲಿಗೆ ‘ಬೂಟು, ಚಪ್ಪಲಿ ಹೊರಗೆ ಬಿಡಿ’ ಅಂತ ಬೋರ್ಡು ಹಾಕಿಸಿ, ತಾನು ಮಾತ್ರ ಬೂಟುಗಾಲಲ್ಲಿ ಟಕಟಕ ಓಡಾಡುತ್ತಿದ್ದ. ಎಸಿ ಕೋಣೆಯ ತಣ್ಣನೆ ನೆಲದ ಮೇಲೆ ತಿಪ್ಪೇಶನಿಗೆ ಬರಿಗಾಲು.

ಒಂದು ದಿನ ಮಾಲೀಕ ಗುಡುಗಿದ: “ನಾಳೆ ಸಾಹೇಬರು ಪರಿಶೀಲನೆಗೆ ಬರ್ತಾರೆ. ಈ ಐದು ಸಿಡಿಯಲ್ಲಿರೋದೆಲ್ಲ ಒಂದೇ ಡಿವಿಡಿಗೆ ಬರಬೇಕು. ಹಾಕಿದ ತಕ್ಷಣ ಅದರಿಂದಲೇ ಕಂಪ್ಯೂಟರ್ ಎದ್ದು ಚಾಲೂ ಆಗಬೇಕು, ಬೂಟ್ ಆಗಬೇಕು. ಆಗಲಿಲ್ವಾ, ನಿಮ್ಮೂರ ಬಸ್ಸು ಹತ್ತು!”

ತಿಪ್ಪೇಶ ಮಾಡೇಬಿಟ್ಟ. ಮರುದಿನ ಸಾಹೇಬರು ಬೂಟು ಹೊರಗೆ ಬಿಟ್ಟು ಬಂದು ಕೂತರು. ತಿಪ್ಪೇಶ ಬರಿಗೈಯಲ್ಲಿ ನಿಂತಿದ್ದ.

“ಡಿವಿಡಿ ಎಲ್ಲೋ?” ಮಾಲೀಕ ಗದರಿದ.

“ಹೊರಗೆ, ಚಪ್ಪಲಿ ಪಕ್ಕ ಇಟ್ಟಿದ್ದೀನಿ ಸಾರ್. ಅದು ಬೂಟ್ ಆಗೋ ಡಿವಿಡಿ. ಬೋರ್ಡು ನಿಮ್ಮದೇ ಅಲ್ವಾ?”

ಸಾಹೇಬರು ಹೊಟ್ಟೆ ಹಿಡಿದು ನಕ್ಕರು. ಹಾಗೆ ಬಗ್ಗಿದಾಗ ಮಾಲೀಕನ ಕಾಲು ಕಂಡಿತು. “ಏನ್ರೀ, ಈ ಬೂಟು ಮಾತ್ರ ಹೇಗೆ ಒಳಗೆ ಬಂತು?”

ಮಾಲೀಕ ಎಸಿಯಲ್ಲೂ ಬೆವತ. “ಡಿವಿಡಿ ಒಳಗೆ ತಾರಪ್ಪ, ನಿನ್ನ ದಮ್ಮಯ್ಯ!”

“ಬೂಟು ಒಳಗೆ ಬರಬಹುದು ಅಂದ್ರೆ ನನ್ನ ಕಾಲಿಗೂ ಬರಲಿ ಸಾರ್.”

“ತಗೋ ಮಾರಾಯ!” ಅಂತ ಮಾಲೀಕ ಕೂತಲ್ಲೇ ಲೇಸು ಬಿಚ್ಚತೊಡಗಿದ.

ಡಿವಿಡಿ ಒಳಗೆ ಬಂತು. ಕಂಪ್ಯೂಟರ್ ಎದ್ದು ಕೂತು, ಹೋಟೆಲ್ ಮಾಣಿಯ ಹಾಗೆ ಐದೂ ಸಿಡಿಗಳ ಹೆಸರು ಒಪ್ಪಿಸಿ, ಯಾವುದು ಬೇಕು ಅಂತ ಕೇಳಿತು.

ತಿಪ್ಪೇಶನಿಗೆ ಮಾಲೀಕನ ಬೂಟು ಸಿಕ್ಕಿತು.