ಐದನೆಯ ಮೆಟ್ಟಿಲು

"ಗುರುಗಳೇ, ಚೆಂದವಾದದ್ದೆಲ್ಲ ಎರಡು ಕಡೆಯೂ ಸಮ ಇರಬೇಕು ಅನ್ನುತ್ತಾರೆ. ಅದು ಯಾಕೆ?" ಎಂದು ಮುರಿಗೆಪ್ಪ ಕೇಳಿದ.

ಅಡವಯ್ಯನವರು ಮಠದ ಪಡಸಾಲೆಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ. ಮುರಿಗೆಪ್ಪನೇ ಮುಂದುವರಿಸಿದ. ಗುಡಿಯ ಬಾಗಿಲಿನ ಎರಡು ಕಡೆ ಒಂದೇ ಅಳತೆಯ ಕಂಬ. ಚಿಟ್ಟೆಯ ಎರಡು ರೆಕ್ಕೆಯಲ್ಲೂ ಒಂದೇ ಚುಕ್ಕೆ. ಗಣಿತದಲ್ಲಿ ಈ ಬದಿಗೆ ಏನು ಕೂಡಿಸಿದರೂ ಆ ಬದಿಗೂ ಅದನ್ನೇ ಕೂಡಿಸಬೇಕು. ಪದ್ಯದಲ್ಲಿ ಸಾಲಿಗೆ ಸಾಲು ಮಾತ್ರೆ ಹೊಂದಬೇಕು. ಕಲ್ಲಿಗೂ ಹುಳಕ್ಕೂ ಲೆಕ್ಕಕ್ಕೂ ಪದ್ಯಕ್ಕೂ ಒಂದೇ ಕಟ್ಟಳೆ ಹೇಗೆ ಬಂತು ಎಂದು ಅವನು ಕೇಳಿದ.

"ಇಷ್ಟೆಲ್ಲ ಗೊತ್ತಿದ್ದವನಿಗೆ ನನ್ನ ಉತ್ತರ ಬೇಕಾಗಿಲ್ಲ. ಏನನ್ನೋ ತಿದ್ದಲು ನನ್ನ ಅಪ್ಪಣೆ ಬೇಕಾಗಿದೆ. ಏನದು, ಹೇಳು," ಎಂದರು ಗುರುಗಳು.

ಮುರಿಗೆಪ್ಪ ಹೇಳಿದ. ಅವನೂ ಅವನ ತಮ್ಮ ರಾಚಪ್ಪನೂ ಕೂಡಿ ಒಂದು ಕಾವ್ಯ ಬರೆಯುತ್ತಿದ್ದರು. ಪದ್ಯಕ್ಕೆ ಎರಡೇ ಸಾಲು. ಮೊದಲ ಸಾಲು ತಮ್ಮನದು, ಎರಡನೆಯದು ಅಣ್ಣನದು. ಪ್ರತಿ ಸಾಲಿಗೆ ಇಪ್ಪತ್ತು ಮಾತ್ರೆ. ಕಡೆಯ ಪದ್ಯಕ್ಕೆ ತನ್ನ ಸಾಲು ಬರೆದಿಟ್ಟು ರಾಚಪ್ಪ ಜ್ವರದಿಂದ ಹಾಸಿಗೆ ಹಿಡಿದ, ಮತ್ತೆ ಏಳಲಿಲ್ಲ. ಆ ಸಾಲಿನಲ್ಲಿ ಇಪ್ಪತ್ತೊಂದು ಮಾತ್ರೆ ಇದೆ. ಬರೆಯುವಾಗಲೇ ಮೈ ಸುಡುತ್ತಿತ್ತೋ ಏನೋ. ಒಂದು ಶಬ್ದ ಬದಲಿಸಿದರೆ ಸರಿಹೋಗುತ್ತದೆ. ಆದರೆ ತಿದ್ದಲು ಕೈ ಏಳುತ್ತಿಲ್ಲ. ಹಾಗೇ ಬಿಟ್ಟರೆ ಕಾವ್ಯವೆಲ್ಲ ಕಡೆಗೆ ಬಂದು ಒಂದು ಬದಿಗೆ ವಾಲುತ್ತದೆ.

ಗುರುಗಳು ಹುಣಸೆಹಣ್ಣಿನ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದರು.

"ಕಟ್ಟಳೆ ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲಪ್ಪ. ಗೊತ್ತಿದೆ ಅನ್ನುವವರ ಹತ್ತಿರ ಹೋಗಬೇಡ. ಒಬ್ಬ ಹೆಂಗಸಿನ ಕತೆ ಗೊತ್ತಿದೆ, ಕೇಳು," ಎಂದು ಹೇಳತೊಡಗಿದರು.

ಒಂದೂರಲ್ಲಿ ಫಕೀರವ್ವ ಎಂಬ ಕಸೂತಿಯ ಹೆಂಗಸಿದ್ದಳು. ಕಸೂತಿ ಅಂದರೆ ಬಟ್ಟೆಯ ಮೇಲೆ ಗೆರೆ ಹಾಕಿಕೊಂಡು ಹೊಲಿಯುವ ಕೆಲಸವಲ್ಲ. ಬಟ್ಟೆಯ ಎಳೆ ಎಣಿಸಿ ಸೂಜಿ ಚುಚ್ಚಬೇಕು. ಹೋಗುವಾಗ ಒಂದೊಂದು ಹೊಲಿಗೆ ಬಿಟ್ಟು ಹೋಗಬೇಕು, ಬರುವಾಗ ಬಿಟ್ಟದ್ದನ್ನು ತುಂಬಿಕೊಂಡು ಬರಬೇಕು. ಎಲ್ಲಿಯೂ ಗಂಟು ಹಾಕುವಂತಿಲ್ಲ. ಹೊರಗಿನ ಮೈ ಹೇಗೋ ಒಳಗಿನ ಮೈಯೂ ಹಾಗೇ ಕಾಣಬೇಕು. ಫಕೀರವ್ವ ನಲವತ್ತು ವರ್ಷ ಈ ಕೆಲಸ ಮಾಡಿದ್ದಳು, ತಾನು ಹಾಕಿದ ಒಂದು ಹೊಲಿಗೆಯನ್ನೂ ಬಿಚ್ಚಿದವಳಲ್ಲ.

ಅವಳಿಗೆ ಒಬ್ಬಳೇ ಮಗಳು, ಸಾವಂತ್ರಿ. ಮಗಳ ಕೈಯೂ ಚುರುಕೇ, ಆದರೆ ಎಣಿಕೆಯಲ್ಲಿ ಗಮನ ಸಾಲದು. ಫಕೀರವ್ವ ಪ್ರತಿದಿನ ಮಗಳ ಕೆಲಸ ಎಣಿಸುವಳು. ತಪ್ಪು ಸಿಕ್ಕರೆ ದಾರದ ತುದಿ ಹಿಡಿದು ಎಳೆಯುವಳು. ಗಂಟಿಲ್ಲವಲ್ಲ, ಸಾಲಿಗೆ ಸಾಲೇ ಬಿಚ್ಚಿ ಬರುತ್ತಿತ್ತು. ಕೆಟ್ಟವಳೇನಲ್ಲ. ನಾಳೆ ಮಗಳು ಮಂದಿಯ ಬಾಯಲ್ಲಿ ಬೈಸಿಕೊಳ್ಳಬಾರದು ಅಂತ ಮೊದಲು ತಾನೇ ಬೈದುಬಿಡುತ್ತಿದ್ದಳು. ಹಾಗಂತ ಬೈಸಿಕೊಂಡವಳ ಸಂಕಟ ಕಡಿಮೆಯಾಗುತ್ತದೆಯೇ?

ಸಾವಂತ್ರಿಯ ಮದುವೆಯಾಯಿತು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಕೂಸನ್ನು ಎತ್ತಿಕೊಂಡು ಗಂಡನ ಮನೆಗೆ ಹೊರಡುವಾಗ ಉಡಲೆಂದು ತಾಯಿ ಮಗಳಿಬ್ಬರೂ ಒಂದು ಕರಿಸೀರೆಯ ಸೆರಗಿಗೆ ಕಸೂತಿ ಹಾಕಲು ಕೂತರು. ಸೆರಗಿನ ನಡುವೆ ದೊಡ್ಡ ಗೋಪುರ. ಬಲಗಡೆಯ ಮೆಟ್ಟಿಲು ತಾಯಿಯದು, ಎಡಗಡೆಯದು ಮಗಳದು. ಎರಡೂ ಏರಿ ಬಂದು ಮೇಲೆ ಕಳಸದ ಹತ್ತಿರ ಕೂಡಬೇಕು. ದಿನ ತುಂಬಿದ ಬಸುರಿ, ಬೆರಳು ಬಾತಿದ್ದವು. ಆದರೂ ಮಗಳದೇ ಮೊದಲು ಮುಗಿಯಿತು.

"ಅವ್ವಾ, ನನ್ನ ಪಾಲು ಮುಗೀತು. ಇದೊಂದು ಸಲ ಎಣಿಸಬ್ಯಾಡ," ಎಂದಳು.

ಫಕೀರವ್ವ ನಕ್ಕಳು. ಎಣಿಸದೆ ಬಿಟ್ಟರೆ ತಾನು ತಾಯಿ ಹೇಗಾದೇನು, ನಾಳೆ ಎಣಿಸುತ್ತೇನೆ ಎಂದಳು. ಮರುದಿನ ಬೆಳಿಗ್ಗೆ ಸಾವಂತ್ರಿಗೆ ಬೇನೆ ಶುರುವಾಯಿತು. ಹೆಣ್ಣು ಕೂಸು ಉಳಿಯಿತು, ಹಡೆದವಳು ಉಳಿಯಲಿಲ್ಲ.

ನಾಲ್ಕು ತಿಂಗಳು ಫಕೀರವ್ವ ಸೂಜಿ ಮುಟ್ಟಲಿಲ್ಲ. ಐದನೆಯ ತಿಂಗಳಿಗೆ ಬಂದು ಕೂಸನ್ನು ಕರೆದೊಯ್ಯುತ್ತೇವೆ ಎಂದು ಬೀಗರು ಹೇಳಿ ಕಳಿಸಿದರು. ಆಗ ಸೀರೆ ನೆನಪಾಯಿತು. ಕೂಸಿನ ಜೊತೆ ಕಳಿಸಲು ಅದರ ತಾಯಿಯದು ಅಂತ ಆ ಮನೆಯಲ್ಲಿ ಇದ್ದದ್ದು ಅದೊಂದೇ. ಅವಳು ಕೂತು ತನ್ನ ಪಾಲನ್ನು ಮುಗಿಸಿದಳು. ಕಳಸದ ಹತ್ತಿರ ಬಂದರೆ ಎರಡು ಬದಿ ಕೂಡಲಿಲ್ಲ. ಮಗಳ ಬದಿ ಒಂದು ಎಳೆ ಮೇಲಿತ್ತು.

ಎಣಿಸಿದಳು. ಮೆಟ್ಟಿಲಿಗೆ ನಾಲ್ಕು ಎಳೆ. ಐದನೆಯ ಮೆಟ್ಟಿಲಿಗೆ ಮಾತ್ರ ಸಾವಂತ್ರಿ ಐದು ಎಳೆ ಏರಿಬಿಟ್ಟಿದ್ದಳು. ಫಕೀರವ್ವನ ಕೈ ತಾನಾಗಿ ದಾರದ ತುದಿಗೆ ಹೋಯಿತು, ಎಳೆಯಿತು. ಒಂದು ಹೊಲಿಗೆ ಬಿಚ್ಚಿ ಬಂತು. ಬಟ್ಟೆಯ ಮೇಲೆ ಎರಡು ಸಣ್ಣ ತೂತು ಉಳಿದವು.

ಆ ತೂತು ನೋಡಿ ಅವಳ ಎದೆ ಒಡೆಯಿತು. ಸೂಜಿ ಹಿಡಿದಾಗಿನಿಂದ ಈ ಮಗಳು ಹಾಕಿದ್ದನ್ನೆಲ್ಲ ತಾನು ಬಿಚ್ಚುತ್ತಲೇ ಬಂದೆ. ತಿದ್ದದೆ ಉಳಿದದ್ದು ಇಷ್ಟೇ. ಇದನ್ನೂ ಬಿಚ್ಚಿದರೆ ನಾಳೆ ಆ ಕೂಸು ಸೆರಗಿನ ಮೇಲೆ ಕೈಯಾಡಿಸಿದಾಗ ಅದರ ಕೈಗೆ ಸಿಗುವುದು ಅಜ್ಜಿಯ ಹೊಲಿಗೆಯೇ ಹೊರತು ಅವ್ವನದಲ್ಲ. ಹೀಗೆಂದುಕೊಂಡು ಅವಳು ಜೋರಾಗಿ ಅತ್ತಳು. ಅತ್ತು ಮುಗಿದ ಮೇಲೆ ಆ ಒಂದು ಹೊಲಿಗೆಯನ್ನು ಅದೇ ತೂತುಗಳಲ್ಲಿ ತಿರುಗಿ ಹಾಕಿದಳು.

ಹಾಗೇ ಮಡಚಿ ಕಳಿಸಬಹುದಿತ್ತು. ಆದರೆ ಆ ಸೀಮೆಯಲ್ಲಿ ಒಂದು ಪದ್ಧತಿ. ಕಸೂತಿಯ ಸೀರೆ ಮನೆಗೆ ಬಂದರೆ ಹಿರಿಯ ಹೆಂಗಸೊಬ್ಬಳು ಅದನ್ನು ಎರಡೂ ಮೈ ತಿರುವಿ ಎಣಿಸುತ್ತಾಳೆ. ಬದಿಗೆ ಬದಿ ಹೊಂದದಿದ್ದರೆ ಯಾರ ಕೈ ತಪ್ಪಿತು ಎಂದು ಕೇಳಿಯೇ ಕೇಳುತ್ತಾಳೆ. ಸತ್ತವಳ ಹೆಸರು ಆ ಮನೆಯಲ್ಲಿ ಹಾಗೆ ಬರುವುದು ಫಕೀರವ್ವನಿಗೆ ಬೇಡವಾಗಿತ್ತು.

ತನ್ನ ಬದಿಯ ದಾರದ ತುದಿ ಹಿಡಿದಳು. ಒಂದು ತಪ್ಪೂ ಇಲ್ಲದ ಕೆಲಸ ಅದು. ಕಳಸದಿಂದ ಐದನೆಯ ಮೆಟ್ಟಿಲಿನವರೆಗೆ ಬಿಚ್ಚಿದಳು. ಅಲ್ಲಿಂದ ಐದು ಎಳೆ ಎಣಿಸಿ ಏರಿದಳು. ಈ ಸಲ ಕಳಸ ಕೂಡಿತು.

ಬೀಗರು ಬಂದರು. ಅವರ ಕಡೆಯ ಮುದುಕಿ ಸೆರಗನ್ನು ತಿರುವಿ ಎಣಿಸಿದಳು. ಐದನೆಯ ಮೆಟ್ಟಿಲಿಗೆ ಬಂದು ಬೆರಳು ನಿಲ್ಲಿಸಿದಳು. ಆ ಬದಿ ನೋಡಿದಳು, ಈ ಬದಿ ನೋಡಿದಳು. ಇಲ್ಲಿ ಯಾಕೆ ಒಂದು ಎಳೆ ಹೆಚ್ಚು ಎಂದು ಕೇಳಿದಳು.

"ನಮ್ಮ ಮನ್ಯಾಗಿನ ಎಣಿಕಿ ಹಂಗ ಐತ್ರಿ," ಎಂದಳು ಫಕೀರವ್ವ.

ಎರಡೂ ಕಡೆ ಸಮ ಇದೆ, ಹಾಗಾದರೆ ತಪ್ಪಲ್ಲ ಎಂದು ಮುದುಕಿ ಸೀರೆಯನ್ನು ಮಡಚಿದಳು. ಕೂಸು ಸೀರೆಯ ಜೊತೆ ಗಾಡಿ ಏರಿತು. ಆ ಹುಡುಗಿ ದೊಡ್ಡವಳಾಗಿ ಕಸೂತಿ ಕಲಿತಾಗ ಐದನೆಯ ಮೆಟ್ಟಿಲಿಗೆ ಐದು ಎಳೆ ಎಣಿಸಿದಳು. ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅವ್ವನ ಸೀರೆ ನೋಡಿ ಕಲಿತಿದ್ದಳು. ಫಕೀರವ್ವ ಅದನ್ನು ನೋಡುವವರೆಗೆ ಬದುಕಿರಲಿಲ್ಲ.

ಗುರುಗಳು ಬುಟ್ಟಿಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು.

ಮುರಿಗೆಪ್ಪ ಅಂಗಿಯ ಜೇಬಿನಿಂದ ಕಾಗದ ತೆಗೆದು ಅವರ ಮುಂದೆ ಬಿಡಿಸಿದ. ಮೇಲೆ ತಮ್ಮನ ಸಾಲು, ಕೆಳಗೆ ತನ್ನದು. ತನ್ನ ಸಾಲಿನಲ್ಲಿ ಇಪ್ಪತ್ತೇ ಮಾತ್ರೆ ಇದೆ, ಎಷ್ಟು ಸಲ ಎಣಿಸಿದರೂ ಒಂದು ತಪ್ಪು ಸಿಗುವುದಿಲ್ಲ ಎಂದ. ಹೇಳುತ್ತಿದ್ದಂತೆ ಅವನ ದನಿ ಇಳಿಯಿತು.

ಗುರುಗಳು ಕಾಗದವನ್ನು ಓದಿ ಅವನ ಕೈಗೇ ಕೊಟ್ಟರು.

"ತಮ್ಮನದನ್ನು ಮುಟ್ಟಬೇಡ, ನಿನ್ನ ಸಾಲನ್ನು ಬಿಚ್ಚು."