ಪೆದ್ದ ದೊರೆ

ಪಾಳೇಗಾರ ಬೈಚಪ್ಪನಾಯಕನಿಗೆ ಕಪ್ಪೆಗಳ ಗದ್ದಲದಲ್ಲಿ ನಿದ್ದೆ ಬರಲಿಲ್ಲ. "ಕಪ್ಪೆಗಳೆಲ್ಲ ಇನ್ನು ಮೇಲೆ ಹಗಲಿನಲ್ಲೇ ವಟಗುಟ್ಟಬೇಕು" ಎಂದು ಕೆರೆಯ ದಂಡೆಯಲ್ಲಿ ಡಂಗುರ ಹೊಡೆಸಿದ.

ಅದನ್ನು ಕೇಳಿದ ಅರಮನೆಯ ಅಡುಗೆಯವಳು ಮುನಿಯಕ್ಕ, "ಎಂಥ ಪೆದ್ದ ದೊರೆಯಪ್ಪಾ!" ಎಂದು ಗೊಣಗಿಕೊಂಡಳು. ಅವಳ ಗ್ರಹಚಾರಕ್ಕೆ ದೊರೆ ಬೆನ್ನ ಹಿಂದೆಯೇ ನಿಂತಿದ್ದ.

"ಏನಂದೆ? ನಾಲಿಗೆ ಕೀಳಿಸಿಬಿಡುತ್ತೇನೆ!"

ಮುನಿಯಕ್ಕ ಸೆರಗು ಸರಿಮಾಡಿಕೊಂಡು ಕೈಮುಗಿದಳು. "ನನ್ನ ತವರು ತೆಲುಗು ಸೀಮೆ, ಬುದ್ಧಿ. ಅಲ್ಲಿ ಪೆದ್ದ ಅಂದರೆ ದೊಡ್ಡೋರು. ತವರಿನ ಮಾತು ಬಾಯಿಗೆ ಬಂದುಬಿಡ್ತು."

ದೊರೆಗೆ ತೆಲುಗಿನ ಗಂಧವಿಲ್ಲ. ಅಂಗಳದಲ್ಲಿದ್ದ ತೆಲುಗು ಬಳೆಗಾರನನ್ನು ಕರೆದು ಕೇಳಿದ. "ನಿಜ ಸ್ವಾಮಿ, ಪೆದ್ದ ಅಂದರೆ ದೊಡ್ಡೋರೇ" ಎಂದ ಅವನು.

ದೊರೆಯ ಮುಖ ಅರಳಿತು. "ಹಾಗಾದರೆ ಅಲ್ಲಿ ದೊಡ್ಡೋನಾದ ಪೆದ್ದ ನಮ್ಮ ಕನ್ನಡಕ್ಕೆ ಬಂದು ದಡ್ಡ ಹೇಗಾದ?"

"ಹಿಂದೊಮ್ಮೆ ಅಲ್ಲಿನ ದೊಡ್ಡ ಮನುಷ್ಯನೊಬ್ಬ ಈ ಕಡೆ ಬಂದಿದ್ದನಂತೆ, ಬುದ್ಧಿ," ಎಂದಳು ಮುನಿಯಕ್ಕ. "ಹೋದಲ್ಲೆಲ್ಲ ಎದೆ ತಟ್ಟಿಕೊಂಡು 'ನಾನು ಪೆದ್ದ, ನಾನು ಪೆದ್ದ' ಅಂತಿದ್ದನಂತೆ. ಇಲ್ಲಿಯೋರಿಗೆ ಆ ಮಾತು ಗೊತ್ತಿರಲಿಲ್ಲ. ಅವನನ್ನು ನೋಡಿ ಅರ್ಥಮಾಡಿಕೊಂಡರು."

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಎಂಥ ಮುಟ್ಠಾಳನಿರಬೇಕು ಅವನು!" ಆಮೇಲೆ ಎದೆಯುಬ್ಬಿಸಿ ಅಪ್ಪಣೆ ಮಾಡಿದ: "ನಾಳೆಯಿಂದ ಎಲ್ಲರೂ ನನ್ನನ್ನು ಪೆದ್ದ ದೊರೆ ಅಂತಲೇ ಕರೆಯಬೇಕು. ಗಟ್ಟಿಯಾಗಿ!"

ಆ ಊರಿನ ಜನ ಯಾವ ಅಪ್ಪಣೆಯನ್ನೂ ಅಷ್ಟು ಸಂತೋಷದಿಂದ ಪಾಲಿಸಿರಲಿಲ್ಲವಂತೆ.